ಕೆಂಪು ಲಂಗದ ಪದ್ಯ

ತಿಪಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನಮ್ಮ ಟೈಲರ್ ಅಂಗಡಿ. ಮುಂದುಗಡೆ ಅಬ್ಬಾ ಷರ್ಟು ಪ್ಯಾಂಟು ಹೊಲಿಯುತ್ತಿದ್ದರು, ಒಳಗಿನ ಮಿಷನ್ನಿನಲ್ಲಿ ನಾನು ರವಿಕೆ ಹೊಲಿಯುತ್ತಿದ್ದೆ. ಮನೆಯಲ್ಲಿ ಆಡುವುದು ಉರ್ದು, ಆದರೆ ನನ್ನ ಓದೆಲ್ಲ ಕನ್ನಡದ್ದು. ಕೈಗೆ ಬಿಡುವು ಸಿಕ್ಕಿದರೆ ಪಕ್ಕದ ಅಂಗಡಿಯಿಂದ ಬಾಡಿಗೆ ಕಾದಂಬರಿ ತರುತ್ತಿದ್ದೆ. ಅದರಲ್ಲೂ ಒಬ್ಬರೇ ಲೇಖಕರವು. ಪಾತಾಳದ ಊರು, ಮಾತಾಡುವ ಹದ್ದು, ಹಡಗು ಒಡೆದು ದ್ವೀಪ ಸೇರಿದ ಅಣ್ಣತಂಗಿ. ಮಿಷನ್ ತುಳಿಯುತ್ತಲೇ ನಾನು ಆ ದ್ವೀಪದಲ್ಲಿರುತ್ತಿದ್ದೆ.

ತೊಂಬತ್ತರ ದಶಕದ ನಡುವಿನಲ್ಲಿ ಅಮ್ಮಿ ತೀರಿಕೊಂಡರು. ಆಮೇಲೆ ಕಾದಂಬರಿ ಹಿಡಿದರೆ ಕಣ್ಣು ಓದುತ್ತಿತ್ತು, ತಲೆಗೆ ಏನೂ ಹೋಗುತ್ತಿರಲಿಲ್ಲ. ಅಂಥ ಒಂದು ದಿನ ಗಿರಾಕಿಯೊಬ್ಬರು ರಾಜ್ಯೋತ್ಸವದ ಸ್ಮರಣ ಸಂಚಿಕೆಯೊಂದನ್ನು ಅಂಗಡಿಯಲ್ಲಿ ಬಿಟ್ಟುಹೋದರು. ತಿರುವಿಹಾಕಿದರೆ ನನ್ನ ಲೇಖಕರ ಹೆಸರು. ಕಥೆಯಲ್ಲ, ಪದ್ಯಗಳು. ಒಂದರಲ್ಲಿ ತೋಟದೊಳಗೆ ಒಣಗರಿ ಬಿದ್ದ ಸದ್ದಿಗೆ ಅಪ್ಪನೊಬ್ಬ ‘ಬಂದೆಯಾ ಮಗಳೇ’ ಎಂದು ತಿರುಗಿ ನೋಡುತ್ತಾನೆ. ಇನ್ನೊಂದರ ಕೊನೆ ಹೀಗಿತ್ತು:

ಕೆಂಪು ಲಂಗದವಳೇ, ನೆರಳು ಹಿಡಿದು ನಡೆ,
ನಾನು ಹಿಂದೆಯೇ ಬರುತ್ತಿದ್ದೇನೆ.

ಅಮ್ಮಿ ಹೋದ ಮೇಲೆ ಅಳದೇ ಇದ್ದವಳು ಅವತ್ತು ಅತ್ತೆ.

ಪದ್ಯದ ಕೆಳಗೆ ಅವರ ಊರೂ ಅಚ್ಚಾಗಿತ್ತು. ಅಮ್ಮಸಂದ್ರದ ಹತ್ತಿರದ ಹಳ್ಳಿ. ಇಷ್ಟು ಸಮೀಪ ಇದ್ದಾರೆಂದು ನಾನು ಎಣಿಸಿಯೇ ಇರಲಿಲ್ಲ. ಹೋಗಿ ನೋಡಬೇಕು ಎಂದಾಗ ಅಬ್ಬಾ ಬೇಡ ಎನ್ನಲಿಲ್ಲ. ಭಾನುವಾರ ಅಂಗಡಿ ಮುಚ್ಚಿ ತಾವೂ ಪ್ಯಾಸೆಂಜರ್ ರೈಲು ಹತ್ತಿದರು.

ತೆಂಗಿನ ತೋಟದ ಅಂಚಿನಲ್ಲಿ ಚಿಕ್ಕ ಹೆಂಚಿನ ಮನೆ. ಲೇಖಕರು ಸಿಮೆಂಟ್ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮಾಡುವ ಸಣಕಲು ಮನುಷ್ಯ. ಜಗಲಿಯ ಮೇಲೆ ಅವರ ಹೆಂಡತಿ ತೆಂಗಿನಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದರು. ನನ್ನನ್ನೂ ಅಬ್ಬಾರನ್ನೂ ಕೂರಿಸಿ ಎಳನೀರು ಕೊಟ್ಟರು.

“ನಂಗೆ ಓದಕ್ಕೆ ಬರಲ್ಲ ಕಣವ್ವ. ಇವ್ರು ಕಥೆ ಬರೆದಾಗ್ಲೆಲ್ಲ ನಂಗೇ ಮೊದ್ಲು ಓದಿ ಹೇಳ್ತಾರೆ,” ಎಂದರು ಹೆಮ್ಮೆಯಿಂದ.

ನಾನು ಚೀಲದಿಂದ ಸಂಚಿಕೆ ತೆಗೆದೆ. “ಕಥೆಗಿಂತ ನನಗೆ ಈ ಪದ್ಯಗಳೇ ಇಷ್ಟ ಸಾರ್. ಒಂದು ಸಲ ನಿಮ್ಮ ಬಾಯಲ್ಲಿ ಕೇಳಬೇಕು.”

ಅವರು ಪುಸ್ತಕ ತಗೊಂಡರು, ನೋಡಿದರು, ಹಾಗೇ ವಾಪಸ್ ಕೊಟ್ಟರು. “ಕಥೇಲಿ ಯಾರು ಸತ್ರೂ ಮುಂದಿನ ಅಧ್ಯಾಯದಲ್ಲಿ ಎಬ್ಬಿಸ್ಬೋದು ಕಣಮ್ಮ. ಇದ್ರಲ್ಲಿ ಆಗ್ಲಿಲ್ಲ. ನಾನು ಓದಲ್ಲ.”

“ಪದ್ಯ ಯಾವಾಗ ಬರದ್ರಿ? ನಂಗೆ ಹೇಳೇ ಇಲ್ಲ,” ಎಂದರು ಹೆಂಡತಿ. ಅವರು ತೋಟದ ಕಡೆ ಮುಖ ತಿರುಗಿಸಿದರು. “ನೀನೇ ಓದವ್ವ,” ಎಂದರು ಆಕೆ ನನಗೆ.

ಅವರ ಮನೆಯ ಸಂಗತಿ ನನಗೆ ತಿಳಿದಿರಲಿಲ್ಲ. ಓದಿದೆ. ಒಣಗರಿಯ ಪದ್ಯಕ್ಕೇ ಆಕೆಯ ಕೈಯ ಕತ್ತಿ ನಿಂತಿತು. ಕೆಂಪು ಲಂಗದ ಸಾಲು ಮುಗಿದಾಗ ಲೇಖಕರು ತಲೆ ತಗ್ಗಿಸಿ ಕೂತಿದ್ದರು.

ಆಕೆ ಕತ್ತಿ ಕೆಳಗಿಟ್ಟು, “ಕೆಂಪಲ್ಲ ಕಣ್ರೀ,” ಎಂದರು. “ಅವ್ಳು ಕೊನೇಗೆ ಹಾಕ್ಕಂಡಿದ್ದು ಹಸಿರು ಲಂಗ. ಕೆಂಪುದು ಹೊಲ್ಯಕ್ಕೆ ಕೊಟ್ಟಿದ್ವಿ. ಅದು ಬರೋದ್ರೊಳ್ಗೆ ಜ್ವರ ಬಂತು, ಮಗು ಹೋಗ್ಬುಡ್ತು.”

“ನನಗೆ ಕೆಂಪು ಅಂತ್ಲೇ ನೆನಪು,” ಎಂದರು ಅವರು. “ಕೇಳ್ಬೇಕು ಅಂದ್ಕೊಂಡೆ. ಹೆಂಗೆ ಕೇಳ್ಲಿ ನಿನ್ನ?”

“ಕೇಳಿದ್ರೆ ಹೇಳ್ತಿದ್ನಲ್ಲ. ನೀವು ಮರೆತ್ರಿ ಅಂದ್ಕಂಡಿದ್ದೆ ನಾನು.”

ಮಗಳು ಹೋದ ಮೇಲೆ ಇಬ್ಬರೂ ಅವಳ ಮಾತೆತ್ತಿದ್ದು ಅದೇ ಮೊದಲಂತೆ. ಹೊರಗಿನವರಾದ ನಮಗೆ ಎದ್ದು ಹೋಗುವುದಕ್ಕೂ ಆಗದು, ಕೂರುವುದಕ್ಕೂ ಆಗದು. ಅಬ್ಬಾ ಟೋಪಿ ಸರಿಮಾಡಿಕೊಂಡರು. ಮಾಡಬಾರದ್ದು ಮಾಡಿಬಿಟ್ಟೆನೇನೋ ಎಂದು ನನಗೆ ಹೆದರಿಕೆಯಾಯಿತು.

“ಹಸಿರು ಅಂತ ತಿದ್ದಿಬಿಡ್ತೀನಿ,” ಎಂದು ಲೇಖಕರು ಜೇಬಿನ ಪೆನ್ನಿಗೆ ಕೈಹಾಕಿದರು.

ಆಕೆ ಅವರ ಕೈ ಹಿಡಿದರು. “ಬ್ಯಾಡ, ಬುಡಿ. ಕೆಂಪೇ ಇರ್ಲಿ. ಪಾಪ, ಹಾಕ್ಕಂಡಂಗಾಯ್ತು.”

ಆಗ ಅವರು ಅತ್ತರು. ಆಕೆ ಅಳಲಿಲ್ಲ. ಮಗಳು ಪೊರಕೆ ಕಡ್ಡಿಯಲ್ಲಿ ಬಳೆ ಮಾಡಿಕೊಳ್ಳುತ್ತಿದ್ದದ್ದನ್ನು, ಅಪ್ಪನ ಕಥೆಯ ರಾಕ್ಷಸನಿಗೆ ಹೆದರಿ ಸೆರಗಿನೊಳಗೆ ನುಗ್ಗುತ್ತಿದ್ದದ್ದನ್ನು ಹೇಳುತ್ತಾ ಹೋದರು. ನಮ್ಮನ್ನು ಊಟ ಮಾಡಿಸದೆ ಬಿಡಲಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ, ಯಾರೂ ಕೇಳದೆಯೇ, ಅಬ್ಬಾ ಅಮ್ಮಿಯ ಮಾತು ತೆಗೆದರು. ಮದುವೆಯಾದ ಹೊಸದರಲ್ಲಿ ಅಮ್ಮಿ ಕತ್ತರಿಸಿ ಹಾಳು ಮಾಡಿದ ಷರ್ಟಿನ ಕಥೆ. ನಾನು ಅದನ್ನು ಕೇಳಿರಲೇ ಇಲ್ಲ.

ಆಮೇಲೆ ವರ್ಷಕ್ಕೆ ಒಂದೆರಡು ಸಲ ಅಲ್ಲಿಗೆ ಹೋಗುತ್ತಿದ್ದೆ. ಲೇಖಕರು ಗುಹೆ, ಹದ್ದುಗಳ ಕಥೆ ಬರೆಯುತ್ತಲೇ ಇದ್ದರು, ನಡುನಡುವೆ ಪದ್ಯವನ್ನೂ ಬರೆದರು. ಅವು ಯಾವ ಪತ್ರಿಕೆಗೂ ಹೋಗಲಿಲ್ಲ. ಹೆಂಡತಿಗೆ ಓದಿ ಹೇಳುತ್ತಿದ್ದರು, ನಾನು ಹೋದರೆ ನನಗೂ. ಮಗಳಿಗೆ ಜಡೆ ಹಾಕುವಾಗ ಅಮ್ಮ ಬೈಯುತ್ತಿದ್ದ ಬೈಗುಳಗಳೇ ತುಂಬಿದ ಒಂದು ಪದ್ಯವಿತ್ತು. ಅದನ್ನು ಕೇಳುವಾಗ ಆಕೆ ನಗುತ್ತಿದ್ದರು.

ಎರಡು ಸಾವಿರದ ಇಸವಿಯ ಈಚೆಗೆ, ಒಂದು ಬೇಸಿಗೆಯಲ್ಲಿ ಲೇಖಕರು ತೀರಿಕೊಂಡರು. ಸುದ್ದಿ ತಿಳಿದು ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಕೆ ಜಗಲಿಯ ಮೇಲೆ ಒಬ್ಬರೇ ಇದ್ದರು. “ಬಾರವ್ವ, ಕೂತ್ಕೋ,” ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಇಬ್ಬರೂ ಅಂದಿನ ಮಧ್ಯಾಹ್ನವೆಲ್ಲ ಅವರ ಮಾತಾಡಿದೆವು.