ಹಾಲಗಡ್ಡಿಯ ಎತ್ತರದ ಜಾಗ

ನವಿಲುತೀರ್ಥದ ಕೆಳಗೆ ಮಲಪ್ರಭೆ ಎರಡಾಗಿ ಒಡೆದು ಮತ್ತೆ ಕೂಡುವ ನಡುವೆ ಹಾಲಗಡ್ಡಿಯೆಂಬ ನಡುಗಡ್ಡೆ ಇದೆ. ತಲೆಯಿಂದ ಬಾಲಕ್ಕೆ ನಡೆದರೆ ಒಂದು ತಾಸು. ಹೊಳೆ ಮೊದಲು ಬಂದು ಬಡಿಯುವ ಎತ್ತರದ ತುದಿಯಲ್ಲಿ ತಲಿಕೇರಿ, ನಡುವೆ ನಡುವಿನೂರು, ಕೆಳಗಿನ ತಗ್ಗಿನಲ್ಲಿ ಬಾಲದೋಣಿ. ತಾವು ಎತ್ತರದವರೆಂದು ತಲಿಕೇರಿಯವರಿಗೆ ಭಾರೀ ಜಂಬ. ಬಾಲದೋಣಿಯಲ್ಲೋ ವರ್ಷಕ್ಕೊಮ್ಮೆ ಒಲೆಯೊಳಗೆ ನೀರು. ಅಲ್ಲಿಗೆ ಹೆಣ್ಣು ಕೊಡಲಿಕ್ಕೂ ಜನ ಹಿಂದೆಮುಂದೆ ನೋಡುತ್ತಿದ್ದರು.

ಈ ಮೂರೂ ಕೇರಿಗಳನ್ನು ದಡಕ್ಕೆ ದಾಟಿಸುತ್ತಿದ್ದವನು ಹರಗೋಲಿನ ಬುಡನಸಾಬ. ಸಂತೆಗೆ ಹೋಗುವವರು, ಬಸುರಿಯರು, ಆಡು, ಮದುಮಗ, ಎಲ್ಲರೂ ಅವನ ಹರಗೋಲಿನಲ್ಲೇ. ಇನ್ನೊಂದು ಕೆಲಸವೂ ಅವನ ಪಾಲಿಗೆ ಬಂದಿತ್ತು. ತಲಿಕೇರಿಯ ಖಬರಸ್ತಾನದಲ್ಲಿ ಕುಣಿ ತೋಡುವುದು. ನಲವತ್ತು ವರ್ಷದಲ್ಲಿ ಎಷ್ಟು ತೋಡಿದನೋ ಅವನಿಗೇ ನೆನಪಿಲ್ಲ. "ದಾಟಸೂದೇ ನನ್ನ ಉದ್ಯೋಗ. ಈ ದಂಡಿಗಾದ್ರೂ ಆತು, ಆ ದಂಡಿಗಾದ್ರೂ ಆತು" ಎಂದು ನಗುತ್ತಿದ್ದ.

ಅವನ ಹೆಂಡತಿ ಶಾಹಜಾನಬಿ ಮಾತ್ರ ಹರಗೋಲಿಗೆ ಕಾಲಿಟ್ಟರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಚಿಕ್ಕಂದಿನಲ್ಲಿ ಅವಳ ತಮ್ಮ ಇದೇ ಹೊಳೆಯ ಪಾಲಾಗಿದ್ದ; ಹೆಣವೂ ಸಿಕ್ಕಿರಲಿಲ್ಲ. ಸಾಯುವ ಮುಂದೆ ಗಂಡನ ಕೈ ಹಿಡಿದು ಒಂದೇ ಮಾತು ಕೇಳಿಕೊಂಡಳು. "ನನ್ನ ನೀರಿಗೆ ಕೊಡಬ್ಯಾಡ್ರಿ." ಕೊಡುವುದಿಲ್ಲ ಎಂದು ಮಾತು ಕೊಟ್ಟ ಬುಡನಸಾಬ ಇಡೀ ಗಡ್ಡೆಯಲ್ಲೇ ಎತ್ತರದ ಜಾಗ ಹುಡುಕಿ, ತಲಿಕೇರಿಯ ತುತ್ತತುದಿಯಲ್ಲಿ ಅವಳನ್ನು ಮಲಗಿಸಿದ.

ಹೊಳೆ ಬಲ್ಲವನೇ ಹೊಳೆಯ ಲೆಕ್ಕ ತಪ್ಪಿದ್ದು ಅಲ್ಲಿ. ತಗ್ಗಿನ ಬಾಲಕ್ಕೆ ಹೊಳೆ ಮಣ್ಣು ತಂದು ಹಾಕುತ್ತದೆ. ಎತ್ತರದ ತಲೆಯನ್ನು ಬುಡದಿಂದ ಕೊರೆಯುತ್ತದೆ. ಐದಾರು ವರ್ಷದ ಹಿಂದಿನ ಮಹಾಪೂರಕ್ಕೆ ಹರಿವು ಹೊರಳಿದ ಮೇಲಂತೂ ತಲಿಕೇರಿಯ ಮನೆಗಳು ಒಂದೊಂದಾಗಿ ಕುಸಿದವು. ಜನ ದಡದ ಹೊಸ ಪ್ಲಾಟುಗಳಿಗೆ ಹೋದರು. ಬಾಲದೋಣಿಗೆ ಹೊಸ ನೆಲ ಹುಟ್ಟಿತು. ಬುಡನಸಾಬನ ಗೆಳೆಯ ಲಗಮಣ್ಣ ಅದರಲ್ಲಿ ಸವತೆಕಾಯಿ ಬೆಳೆದ. ಈ ವರ್ಷ ಬುಡನಸಾಬ ಅಳೆದು ನೋಡಿದಾಗ ಶಾಹಜಾನಬಿಗೂ ಹೊಳೆಗೂ ನಡುವೆ ಒಂಬತ್ತು ಹೆಜ್ಜೆ ಉಳಿದಿತ್ತು.

ಅವನು ಮೌಲಾನಾ ಅವರ ಹತ್ತಿರ ಹೋದ. ಮಣ್ಣು ಕೊಟ್ಟ ಮೇಲೆ ಮುಟ್ಟಬಾರದು, ಆದರೆ ನೀರು ಒಯ್ಯುವುದು ಖಾತ್ರಿಯಿದ್ದರೆ ಬೇರೆ ಕಡೆ ಮಲಗಿಸಬಹುದು ಎಂದರು ಅವರು. ದಡದ ಹೊಸ ಖಬರಸ್ತಾನದಲ್ಲಿ ಜಾಗವನ್ನೂ ತೋರಿಸಿದರು. ಆದರೆ ಗೋರಿ ತೆರೆಯಲು ತಾಲ್ಲೂಕು ಕಚೇರಿಯ ಕಾಗದ ಬೇಕಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಗುಮಾಸ್ತ ನಕಾಶೆಯ ಮೇಲೆ ಬೆರಳಿಟ್ಟ.

"ಇಲ್ಲಿ ಹೊಳಿ ಅಂತ ಐತಲ್ಲ ಅಜ್ಜಾ. ಹೊಳ್ಯಾಗ ಗೋರಿ ಹೆಂಗ ಇರ್ತಾವು?"

"ಅದಾವ್ರಿ ಸಾಹೇಬ್ರ. ನಾನೇ ತೋಡೇನ್ರಿ."

ಗುಮಾಸ್ತ ಮುಂದಿನ ಸೋಮವಾರ ಬಾ ಎಂದ. ಕಚೇರಿಯವರ ಹತ್ತಿರ ಸೋಮವಾರಗಳಿಗೇನು ಬರವೇ? ಬುಡನಸಾಬ ನಾಲ್ಕು ಸೋಮವಾರ ಅಲೆದ.

ಲಗಮಣ್ಣ ರೇಗಿದ. "ಆ ಕಾಗದಕ್ಕ ಬೆಂಕಿ ಹಚ್ಚೋ ಮಾರಾಯಾ. ಸಲಿಕಿ ತಗೊ, ಇವತ್ತೇ ತಗಿಯೂಣು." ಇಬ್ಬರೂ ಹೋದರು. ಬುಡನಸಾಬ ಎತ್ತಿದ ಸಲಿಕೆ ಕೆಳಗಿಳಿಯಲಿಲ್ಲ. ಊರಿಗೆಲ್ಲ ಕುಣಿ ತೋಡಿದ ಕೈ ಅದು, ಆದರೆ ಮುಚ್ಚಿದ್ದನ್ನು ತೆರೆದು ಅದಕ್ಕೆ ಗೊತ್ತಿರಲಿಲ್ಲ. "ಶುಕ್ರವಾರ ನಮಾಜ್ ಆಗ್ಲಿ. ಮೌಲಾನಾರ್ನ ಕರಕೊಂಡ ಬಂದು ತಗಿಯೂಣು" ಎಂದ. ಗೆಳೆಯನ ಮುಖ ನೋಡಿ ಲಗಮಣ್ಣ ಹ್ಞೂಂ ಎಂದ. ಪಾಪ, ಅವನಾದರೂ ಬೇರೇನು ಹೇಳಬೇಕಿತ್ತು?

ಬುಧವಾರ ಘಟ್ಟದಲ್ಲಿ ಮಳೆ ಹೊಡೆಯಿತು. ಗುರುವಾರ ಬೆಳಿಗ್ಗೆ ನವಿಲುತೀರ್ಥದ ಅಣೆಕಟ್ಟಿನ ಗೇಟು ತೆರೆಯುತ್ತಾರೆಂದು ಜೀಪಿನಲ್ಲಿ ಸಾರಿ, ಗಡ್ಡೆಯ ಜನರನ್ನೆಲ್ಲ ದಡಕ್ಕೆ ತಂದರು. ಬುಡನಸಾಬ ಮತ್ತೆ ಹರಗೋಲು ಬಿಚ್ಚಲು ಹೋದರೆ ಪೊಲೀಸರು ಬಿಡಲಿಲ್ಲ. "ಒಬ್ಬಾಕಿ ಉಳದಾಳ್ರಿ" ಎಂದು ಕೈಮುಗಿದ. ಯಾರೆಂದು ಕೇಳಿ ತಿಳಿದುಕೊಂಡು, ರಟ್ಟೆ ಹಿಡಿದು ಕೂರಿಸಿದರು. ಮಧ್ಯಾಹ್ನದ ಹೊತ್ತಿಗೆ ಅವನ ಕಣ್ಣೆದುರೇ ತಲಿಕೇರಿಯ ತುದಿ ಒಂದು ಹೋಳಾಗಿ ನೀರಿಗೆ ಜಾರಿತು. ಬುಡನಸಾಬ ಎದೆ ಬಡಿದುಕೊಂಡು ಅತ್ತ.

ಸಂಜೆ ರಾಮದುರ್ಗದಿಂದ ಮಗಳು ಶಬನಮ್‌ಳ ಫೋನು ಬಂತು. ಎರಡು ಸಲ ಬಸಿರು ಇಳಿದು, ಈಗ ಅವಳಿಗೆ ಏಳು ತಿಂಗಳು.

"ಅಬ್ಬಾ, ಹೊಳಿ ಬಂತಂತಲ್ಲ. ಅಮ್ಮೀನ ಈಚೆ ತಂದ್ರೇನು?"

ಅವಳಿಗೆ ಎದೆ ಒಡೆಯುವ ಸುದ್ದಿ ಹೇಳುವ ಧೈರ್ಯ ಯಾವ ಅಪ್ಪನಿಗಿದೆ? "ತಂದೇನವ್ವಾ" ಎಂದುಬಿಟ್ಟ. ಪಕ್ಕದಲ್ಲಿದ್ದ ಲಗಮಣ್ಣ ತಲೆ ತಗ್ಗಿಸಿದ.

ಮರುದಿನ ನಮಾಜಿಗೂ ಮೊದಲೇ ಬುಡನಸಾಬ ಹೊಸ ಖಬರಸ್ತಾನಕ್ಕೆ ಹೋಗಿ, ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿ, ಆಳುದ್ದದ ದಿಬ್ಬ ಮಾಡಿದ. ಮೌಲಾನಾ ಅದನ್ನು ದೂರದಿಂದ ನೋಡಿದರು. ಏನೂ ಕೇಳದೆ ಮಸೀದಿಯೊಳಗೆ ಹೋದರು.

ಹದಿನೈದು ದಿನಕ್ಕೆ ಶಬನಮ್ ಬಾಣಂತನಕ್ಕೆಂದು ತವರಿಗೆ ಬಂದಳು. ಹೆಂಗಸರು ಖಬರಸ್ತಾನದೊಳಗೆ ಹೋಗುವ ರೂಢಿಯಿಲ್ಲದ್ದರಿಂದ ತಂತಿಬೇಲಿಯ ಹೊರಗೇ ನಿಂತು, ತಂದ ಮಲ್ಲಿಗೆಯನ್ನು ಅಪ್ಪನ ಕೈಗೆ ಕೊಟ್ಟಳು. ಅವನು ಅದನ್ನು ದಿಬ್ಬದ ಮೇಲೆ ಹರವಿ ಬಂದ. ಅವಳು ದುವಾ ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇಲ್ಲಿ ಅಮ್ಮೀಗೆ ನೀರಿನ ಅಂಜಿಕಿ ಇಲ್ಲಲ್ಲ, ಅಬ್ಬಾ?"

"ಇಲ್ಲವ್ವಾ" ಎಂದ ಬುಡನಸಾಬ. "ಇಲ್ಲಿಗೆ ನೀರು ಬರೂದಿಲ್ಲ."