ಮೈಂದರ್ಗಿಗಿಲ್ಲದ ಜಾಗ

ಜಾಗವಿಲ್ಲ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ೧೯೭೮ರಲ್ಲಿ ನಾನು ಸೋಲಾಪುರದ ಒಂದು ವಿದ್ಯುತ್ ಸಹಕಾರ ಸಂಘದಲ್ಲಿ ದೂರಿನ ಫೋನು ಎತ್ತುವ ಕೆಲಸದಲ್ಲಿದ್ದೆ. ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಇತ್ತು. ಹಳ್ಳಿಯಲ್ಲಿ ತಂತಿ ಹರಿದು ಬಿದ್ದರೆ ಅದು ಗಂಟೆ ಬಾರಿಸಿ, ತಾನೇ ಆ ಊರಿನ ಕರೆಂಟು ಕಡಿಯುತ್ತಿತ್ತು. ಕಂದಲಗಾಂವಕ್ಕೆ ಆ ಭಾಗ್ಯವಿತ್ತು, ಮೈಂದರ್ಗಿಗೆ ಇರಲಿಲ್ಲ. ಮೈಂದರ್ಗಿಯಿಂದ ಕಂಪ್ಯೂಟರಿನವರೆಗೆ ಎಲ್ಲ ಜೋಡಣೆ ಮುಗಿದಿತ್ತು, ಆದರೆ ಅದರ ಮೆಮೊರಿಯಲ್ಲಿ ಆ ಊರಿಗೆ ಜಾಗವಿಲ್ಲವಂತೆ.

ಒಂದು ದಿನ ಮೈಂದರ್ಗಿಯ ಕುರಿಗಾರ ಪೀರಪ್ಪ ಕಂಬಳಿ ಹೊದ್ದು ಬಂದು ಮುಖ್ಯ ಎಂಜಿನಿಯರ್ ಚನ್ನವೀರಪ್ಪನವರ ಮುಂದೆ ನಿಂತ. ಹರಿದು ಬಿದ್ದ ತಂತಿ ತುಳಿದು ಅವನ ಕುರಿಗಳು ಸತ್ತಿದ್ದವು.

"ಕಂದಲಗಾಂವಕ್ಕ ಗಂಟಿ ಬಾರಸ್ತದಂತ. ನಮ್ಮೂರೇನ್ ಪಾಪ ಮಾಡ್ಯದರಿ ಸಾಹೇಬ್ರ? ಇವತ್ತು ಕುರಿ ಸತ್ತಾವ, ನಾಳಿ ಮಂದಿ ಸಾಯ್ತಾರ."

"ಮಶೀನದಾಗ ಜಾಗಾ ಇಲ್ಲೋ ಪೀರಪ್ಪ. ಮುಂಬೈಲಿಂದ ಹೊಸಾ ಮೆಮೊರಿ ಪೆಟಗಿ ಬರೂದದ. ಬಂದ ಮ್ಯಾಲ ನಿಮ್ಮೂರು."

"ಅಲ್ಲೀತನಾ ಜೀವಾ ಎಲ್ಲಿಡೂಣ್ರಿ?"

ಸಾಹೇಬರು ಚಹಾ ತರಿಸಿದರು, ತಮಗೊಬ್ಬರಿಗೇ.

ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳಿದವರು ಕಸ್ತೂರಬಾಯಿ. ಪುಣೆಯಲ್ಲಿ ಗಣಿತ ಓದಿ, ಅಕ್ಕಲಕೋಟೆಯಿಂದ ದಿನಾ ಬಸ್ಸಿನಲ್ಲಿ ಬಂದು ಕಂಪ್ಯೂಟರ್ ನಡೆಸುತ್ತಿದ್ದ ಹುಡುಗಿ. ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಅವತ್ತು ಮಾತ್ರ ಕಂಪ್ಯೂಟರಿನ ಕೋಣೆಗೆ ಹೋಗಿ ದಡಾರನೆ ಬಾಗಿಲು ಹಾಕಿಕೊಂಡರು.

ಆ ಕಂಪ್ಯೂಟರಿನ ಒಡಲಲ್ಲಿ ಕರ್ನಲ್ ಎಂಬ ಪ್ರೋಗ್ರಾಮು ಇತ್ತು. ಯಾರಿಗೆ ಎಷ್ಟು ಮೆಮೊರಿ ಎಂದು ಹಂಚುವುದು ಅದೇ. ಅದು ಕೊಡುವ ತುಂಡುಗಳಿಗೆ ಕೆಲವೇ ಅಳತೆಗಳು, ಪ್ರತಿಯೊಂದೂ ಹಿಂದಿನದರ ದುಪ್ಪಟ್ಟು. ಒಂದೂರಿನ ಮಾಹಿತಿ ಸಣ್ಣ ಅಳತೆಗಿಂತ ಒಂಚೂರು ದೊಡ್ಡದು, ಹಾಗಾಗಿ ಪ್ರತಿ ಊರಿಗೂ ದುಪ್ಪಟ್ಟು ಜಾಗ ಹೋಗುತ್ತಿತ್ತು. ಅರ್ಧಕ್ಕರ್ಧ ಖಾಲಿ ಬಿದ್ದಿದ್ದ ಯಂತ್ರವನ್ನು ತುಂಬಿದೆ ಎನ್ನುತ್ತಿದ್ದೆವು. ಇದು ಗೊತ್ತಾದಾಗ ನನಗೆ ಪೀರಪ್ಪನ ಕುರಿಗಳು ನೆನಪಾದವು.

ಕಸ್ತೂರಬಾಯಿಗೆ ನೆನಪಾದದ್ದು ತಾಯಿ ಗೋದೂಬಾಯಿಯ ಟ್ರಂಕು. ಮನೆಗೆ ಬಂದ ಹೆಣ್ಣುಮಕ್ಕಳಿಗೆ ಉಡಿ ತುಂಬಲು ಜಂಪರಿನ ಖಣ ಬೇಕಲ್ಲ. ಸೋಲಾಪುರದ ನವಿ ಪೇಠದ ಅಂಗಡಿಯವನು ಮೀಟರಿಗಿಂತ ಕಡಿಮೆ ಬಟ್ಟೆ ಹರಿದು ಕೊಡುವುದಿಲ್ಲ, ಖಣಕ್ಕೆ ಅಷ್ಟು ಬೇಡ. ಅದಕ್ಕೇ ಗೋದೂಬಾಯಿ ಇಡೀ ಸುರುಳಿ ತಂದು, ಸರಿಯಾಗಿ ಖಣದಳತೆಗೆ ಕತ್ತರಿಸಿ ಟ್ರಂಕಿನಲ್ಲಿಡುತ್ತಿದ್ದರು. ಬೇರೆಯವರು ಕೊಟ್ಟ ಖಣವೂ ಅದೇ ಟ್ರಂಕಿಗೆ ಸೇರಿ ಮುಂದಿನವರ ಉಡಿಗೆ ಹೋಗುತ್ತಿತ್ತು. ಕಸ್ತೂರಬಾಯಿ ಕರ್ನಲ್‌ಗೂ ಇದನ್ನೇ ಕಲಿಸಿದರು. ದೊಡ್ಡ ಜಾಗವೊಂದನ್ನು ತೆಗೆದುಕೊಂಡು ಊರಿನಳತೆಗೇ ಕತ್ತರಿಸಿಡು, ಒಂದೂರು ಬಿಟ್ಟುಕೊಟ್ಟ ತುಂಡನ್ನು ಮುಂದಿನ ಊರಿಗೆ ಕೊಡು.

ಮೊದಲ ಪರೀಕ್ಷೆಯಲ್ಲಿ ಎಡವಟ್ಟಾಯಿತು. ತಂತಿ ದುರಸ್ತಿಗೆಂದು ಯಂತ್ರದಿಂದ ಬಿಡಿಸಿದ್ದ ಕಂದಲಗಾಂವದ ತುಂಡು ಮೈಂದರ್ಗಿಗೆ ಹೋಗಿತ್ತು. ಮೈಂದರ್ಗಿಯ ಗಂಟೆ ಬಾರಿಸಿ ನೋಡಿದರೆ ಬಂದದ್ದು ಕಂದಲಗಾಂವದ ಹೆಸರು. ಕಸ್ತೂರಬಾಯಿ ನಕ್ಕುಬಿಟ್ಟರು. ಹಿಂದೊಮ್ಮೆ ಯಾರದೋ ಕುಂಕುಮದ ಕಲೆಯಿದ್ದ ಖಣವನ್ನು ಹಾಗೇ ಬೀಗಿತ್ತಿಗೆ ಕೊಟ್ಟು ಗೋದೂಬಾಯಿ ಚುಚ್ಚುಮಾತು ಕೇಳಿದ್ದರಂತೆ. ಅಂದಿನಿಂದ ಬಂದ ಖಣ ಒಗೆಯದೆ ಟ್ರಂಕಿಗೆ ಹಾಕುತ್ತಿರಲಿಲ್ಲ. ಮರಳಿದ ತುಂಡಿನಲ್ಲಿರುವ ಹಳೆಯದನ್ನೆಲ್ಲ ಒರೆಸಿಡುವಂತೆ ಮಗಳೂ ಪ್ರೋಗ್ರಾಮು ತಿದ್ದಿದರು. ಈಗ ಮೈಂದರ್ಗಿ ಮಾತ್ರವಲ್ಲ, ಸುತ್ತಲಿನ ಊರುಗಳಿಗೂ ಜಾಗ ಉಳಿಯಿತು.

ಸಾಹೇಬರಿಗೆ ಖುಷಿಯಾದೀತು ಎಂದುಕೊಂಡ ನಾನೆಂಥ ದಡ್ಡ.

"ಪೆಟಗಿ ಮಂಜೂರ ಆಗ್ಯದ ಕಸ್ತೂರಬಾಯಿ. ಈಗ ಜಾಗಾ ಅದ ಅಂದ್ರ ಮ್ಯಾಲಿನವ್ರು ನನಗೇನಂತಾರ?"

"ಮಳಿಗಾಳಿ ಸುರು ಆಗ್ತದರಿ. ತಂತಿ ಪೆಟಗಿ ಬರೂತನಾ ಕಾಯಂಗಿಲ್ಲ."

"ನೀವ್ ಕಾಯ್ರಿ."

ತನ್ನ ಮರ್ಯಾದೆಗೆ ಒಂದೂರಿನ ಜೀವ ಒತ್ತೆಯಿಡುವ ಮನುಷ್ಯನಿಗೆ ಏನೆನ್ನಬೇಕು? ಸಾಹೇಬರು ಮೀಟಿಂಗಿಗೆ ಹೋದ ದಿನ ಕಸ್ತೂರಬಾಯಿ ಮೈಂದರ್ಗಿಯನ್ನು ಯಂತ್ರಕ್ಕೆ ಸೇರಿಸಿಬಿಟ್ಟರು.

ಆ ವಾರವೇ ಮಧ್ಯಾಹ್ನ ಬಿರುಗಾಳಿ ಎದ್ದಿತು. ಕಂಪ್ಯೂಟರು ಮೈಂದರ್ಗಿಯ ಗಂಟೆ ಬಾರಿಸಿತು, ಕರೆಂಟು ಕಡಿಯಿತು. ಆಮೇಲೆ ಪೀರಪ್ಪ ಹೇಳಿದ. ತಂತಿ ಅವನ ಕುರಿಹಟ್ಟಿಯ ಬಾಯಿಗೇ ಬಿದ್ದಿತ್ತು. ಹೆಂಡತಿ ಗುರುಬಾಯಿ ಧೂಳಿನಲ್ಲಿ ಕಾಣದೆ, ಹಗ್ಗವೆಂದು ತಿಳಿದು, ಅದನ್ನು ಕೈಯಿಂದ ಎತ್ತಿ ಬದಿಗೆ ಸರಿಸಿ ಮರಿಗಳನ್ನು ಒಳಗೆ ಬಿಟ್ಟಿದ್ದಳು.

ಕಸ್ತೂರಬಾಯಿಗೆ ಸಿಕ್ಕ ಬಹುಮಾನ ಮೆಮೊ. ಅಪ್ಪಣೆಯಿಲ್ಲದೆ ಯಂತ್ರ ಮುಟ್ಟಿದ್ದೇಕೆ, ಕೆಲಸದಿಂದ ಏಕೆ ತೆಗೆಯಬಾರದು ಎಂದು. ಉತ್ತರ ಕೊಡಲು ಬಂದ ದಿನ ಸಾಹೇಬರು ನನ್ನೆದುರೇ ಕೇಳಿದರು, "ಯಾರನ್ನ ಕೇಳಿ ಮಾಡಿದ್ರಿ?"

"ಪೀರಪ್ಪ ನಿಮ್ಮ ಮುಂದನ ಕೇಳಿದ್ನಲ್ರಿ," ಎಂದರು ಕಸ್ತೂರಬಾಯಿ.

ಮೈಂದರ್ಗಿಯವರೆಲ್ಲ ಕಚೇರಿಯ ಅಂಗಳದಲ್ಲಿ ಕೂತಿದ್ದರಿಂದ ಕೆಲಸವೇನೋ ಉಳಿಯಿತು, ಬಡ್ತಿ ಬರಲಿಲ್ಲ. ಮುಂಬೈಯ ಪೆಟ್ಟಿಗೆಯೂ ಬಂತು. ಬಿಚ್ಚುವವರಿಲ್ಲದೆ ಮೂಲೆಯಲ್ಲಿ ಕೂತಿತು, ಅದರ ಮೇಲೆ ನಾವು ಚಹಾದ ಕಪ್ಪು ಇಡುತ್ತಿದ್ದೆವು.

ಉತ್ತರ ಕೊಟ್ಟ ಆ ದಿನ ಕಸ್ತೂರಬಾಯಿ ತೊಟ್ಟಿದ್ದು ಹೊಸ ಹಸಿರು ಜಂಪರು. ಗುರುಬಾಯಿ ಅಕ್ಕಲಕೋಟೆಗೆ ಬಂದು ಅವರ ಉಡಿಗೆ ಹಾಕಿದ್ದ ಖಣ ಅದು. ಊರಿನ ಖಣಗಳನ್ನೆಲ್ಲ ಊರಿಗೇ ತಿರುಗಿಸುತ್ತಿದ್ದ ಗೋದೂಬಾಯಿ ಆ ಒಂದನ್ನು ಟ್ರಂಕಿಗೆ ಹಾಕಿರಲಿಲ್ಲ.