ಹಳೇ ಫಿಲ್ಟರಿನ ರಬ್ಬರು ಬಳೆ

ನಾಗಮಂಗಲದ ಸರೋಜ ಟೀಚರಿಗೆ ಒಂದು ಚಟ. ಮುಚ್ಚಿರುವುದು ಯಾವುದೇ ಇರಲಿ, ಬಿಚ್ಚಿ ಒಳಗೆ ನೋಡದಿದ್ದರೆ ಜೀವಕ್ಕೆ ಸಮಾಧಾನವಿಲ್ಲ. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಗೋಡೆ ಗಡಿಯಾರ ಬಿಚ್ಚಿದ್ದಾರೆ, ಹೊಲಿಗೆ ಮೆಷಿನ್ನು ಬಿಚ್ಚಿದ್ದಾರೆ, ಮಿಕ್ಸಿಯನ್ನೂ ಬಿಚ್ಚಿದ್ದಾರೆ. ಮಿಕ್ಸಿ ಮಾತ್ರ ಮತ್ತೆ ಕೂಡಿಕೊಳ್ಳಲಿಲ್ಲ. ಆ ಮಾತೆತ್ತಿದರೆ ಈಗಲೂ ಮುಖ ಊದಿಸಿಕೊಳ್ಳುತ್ತಾರೆ. ಗಂಡ ಶ್ರೀಕಂಠಯ್ಯನವರು ಬೀದಿ ಕೊನೆಯ ಪುಟ್ಟ ಗುಡಿಯ ಅರ್ಚಕರು. ಅವರಿಗೆ ಸ್ಪ್ಯಾನರಿನ ಯಾವ ತುದಿ ಹಿಡಿಯಬೇಕೆಂದೂ ಗೊತ್ತಿಲ್ಲ, ಗೊತ್ತಾಗಲಿ ಎಂಬ ಆಸೆಯೂ ಇಲ್ಲ.

ಅದೊಂದು ದಿನ. ಮರುದಿನ ಬೆಳಿಗ್ಗೆ ಎದುರು ಮನೆಯ ಸಿದ್ದಲಿಂಗಮ್ಮನನ್ನು ಕಣ್ಣಿನ ಪೊರೆ ತೆಗೆಸಲು ಮಂಡ್ಯಕ್ಕೆ ಕರೆದೊಯ್ಯಬೇಕಿತ್ತು. ನಾಲ್ಕು ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಗಟ್ಟಿ ಹೆಂಗಸು, ಆಪರೇಷನ್ ಅಂದರೆ ಮಾತ್ರ ನಡುಗುತ್ತಾಳೆ. ಎರಡು ಸಲ ಬಸ್ ಸ್ಟ್ಯಾಂಡಿನಿಂದಲೇ ವಾಪಸ್ ಬಂದಿದ್ದಳು. ಟೀಚರಮ್ಮನ ಕಾರಿನಲ್ಲಿ, ಟೀಚರಮ್ಮನ ಜೊತೆಗಾದರೆ ಬರುತ್ತೇನೆಂದು ಈಗ ಒಪ್ಪಿದ್ದಳು. ಕಾರು ಕೈಕೊಟ್ಟರೆ ಆ ಒಪ್ಪಿಗೆಯೂ ಹೋದಂತೆಯೇ.

ಹಾಗಿದ್ದ ಮೇಲೆ ಸರೋಜ ಕಾರಿನ ತಂಟೆಗೆ ಹೋಗದೆ ತೆಪ್ಪಗಿರಬಹುದಿತ್ತು. ಎಂಜಿನ್ ಆಯಿಲ್ ಕಪ್ಪಾಗಿದೆ, ದೂರದ ದಾರಿ, ಬದಲಿಸಬೇಕು ಎಂಬುದು ನೆಪ. ಆಯಿಲ್ ಸೋಸುವ ಫಿಲ್ಟರಿನೊಳಗೆ ಏನಿದೆ ಎಂಬ ಕುತೂಹಲವೇ ನಿಜ.

ಮಧ್ಯಾಹ್ನ ಮುಂದಿನ ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿ, ಹಿಂದಿನವಕ್ಕೆ ಕಲ್ಲು ಕೊಟ್ಟು, ಹಳೇ ಆಯಿಲನ್ನು ಟಬ್ಬಿಗೆ ಇಳಿಸಿದರು. ಲೋಟದ ಗಾತ್ರದ ಫಿಲ್ಟರು ಜಪ್ಪಯ್ಯ ಅನ್ನಲಿಲ್ಲ. ಹಳೇ ಬೆಲ್ಟು ಸುತ್ತಿ ಎಳೆದ ಮೇಲೆ ತಿರುಗಿತು. ಕೈಗೆ ಬಂದದ್ದೇ ತಡ, ಹಿತ್ತಲಿಗೆ ಒಯ್ದು ಗರಗಸದಿಂದ ಕೊಯ್ದರು. ಒಳಗಿದ್ದದ್ದು ಕಾಗದ. ಸೀರೆಯ ನೆರಿಗೆಯ ಹಾಗೆ ಒತ್ತೊತ್ತಾಗಿ ಮಡಚಿದ ಕಾಗದ. ಅಷ್ಟು ದೊಡ್ಡ ಕಬ್ಬಿಣದ ಎಂಜಿನ್ನನ್ನು ಇಷ್ಟು ಕಾಗದ ಕಾಯುತ್ತದೆಯಲ್ಲ ಎಂದು ಬೆರಗಾಗಿ, ನೆರಿಗೆಗಳನ್ನು ಎಣಿಸುತ್ತ ಅರ್ಧ ಗಂಟೆ ಕಳೆದರು.

ಆಮೇಲೆ ಹೊಸ ಫಿಲ್ಟರಿನ ಬಾಯಿಯ ರಬ್ಬರು ಬಳೆಗೆ ಬೆರಳಿನಿಂದ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ ಕೂರಿಸಿದರು. ರಬ್ಬರು ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತು ಬಿಗಿದರು. ಆಯಿಲ್ ಇಳಿಸಲು ಬಿಚ್ಚಿದ್ದ ಕೆಳಗಿನ ಬೋಲ್ಟು ಹಾಕಿ, ಹೊಸ ಆಯಿಲ್ ತುಂಬಿ ಸ್ಟಾರ್ಟ್ ಮಾಡಿದರೆ, ಹಾಸಿದ್ದ ಪೇಪರಿನ ಮೇಲೆ ಫಿಲ್ಟರಿನಿಂದ ಧಾರೆಯಾಗಿ ಆಯಿಲ್ ಸುರಿಯಿತು. ಗಾಬರಿಯಿಂದ ಆಫ್ ಮಾಡಿ, ಇನ್ನಷ್ಟು ಬಿಗಿದು ನೋಡಿದರು. ಮತ್ತೆ ಸುರಿಯಿತು.

ಎದುರು ಜಗಲಿಯಿಂದ ಸಿದ್ದಲಿಂಗಮ್ಮ ಎಲ್ಲವನ್ನೂ ನೋಡುತ್ತಿದ್ದಳು. "ಅಂಗಾರೆ ನಾಳೀಕೆ ಬ್ಯಾಡ ಬುಡಿ ಟೀಚರಮ್ಮ, ಇನ್ನೊಂದಿನ ಓಗಾನ," ಅಂದಳು. ಆ ದನಿಯಲ್ಲಿದ್ದ ನೆಮ್ಮದಿ ಕೇಳಿ ಸರೋಜರಿಗೆ ಇವಳು ಮೂರನೇ ಸಲವೂ ತಪ್ಪಿಸಿಕೊಳ್ಳುತ್ತಾಳೆ ಅನ್ನಿಸಿತು. ತಮ್ಮ ಮೇಲೆಯೇ ಸಿಟ್ಟು ಬಂತು.

ಅಷ್ಟರಲ್ಲಿ ಶ್ರೀಕಂಠಯ್ಯನವರು ಸಂಜೆ ಪೂಜೆಗೆ ಸ್ನಾನ ಮಾಡಿ, ಮಡಿಯಲ್ಲಿ ತಂಬಿಗೆ ಹಿಡಿದು ಹೊರಗೆ ಬಂದರು. ಆಯಿಲ್ ಸೋಕದಂತೆ ಮಾರು ದೂರ ನಿಂತು ಏನಾಯಿತೆಂದು ಕೇಳಿದರು. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ನಿಂತಲ್ಲಿಂದಲೇ ಅಂದರು.

"ಹೊಸದು ಹಾಕೋಕೆ ಮುಂಚೆ ನಿರ್ಮಾಲ್ಯ ಪೂರ್ತಿ ತೆಗೆದ್ಯಾ ಸರೋಜ? ನಮ್ಮಲ್ಲಿ ಒಂದೊಂದ್ಸಲ ಹಾರ ಕೈಗೆ ಬಂದಿರತ್ತೆ, ನಿನ್ನೆಯ ಎಸಳು ಪೀಠಕ್ಕೇ ಅಂಟ್ಕೊಂಡಿರತ್ತೆ."

ಕಾರಿಗೆಂಥ ನಿರ್ಮಾಲ್ಯ ಎಂದು ರೇಗಲು ಬಾಯಿ ತೆರೆದ ಸರೋಜರಿಗೆ ಹಳೇ ಫಿಲ್ಟರು ನೆನಪಾಯಿತು. ಹಿತ್ತಲಿಗೆ ಓಡಿ, ಕೊಯ್ದಿದ್ದ ಫಿಲ್ಟರನ್ನು ತಿರುಗಿಸಿ ನೋಡಿದರು. ಬಾಯಿಯ ಸುತ್ತ ರಬ್ಬರು ಕೂರುವ ತೋಡು ಖಾಲಿ. ಬಳೆ ಅಲ್ಲಿರಲಿಲ್ಲ.

ಮತ್ತೆ ಕಾರಿನಡಿ ತೂರಿ ಹೊಸ ಫಿಲ್ಟರು ಬಿಚ್ಚಿದರು. ಹಳೇ ಬಳೆ ಗಟ್ಟಿಯಾಗಿ, ಕಪ್ಪಗೆ, ಎಂಜಿನ್ನಿಗೇ ಅಂಟಿ ಕೂತಿತ್ತು. ಅದರ ಮೇಲೆ ಹೊಸ ಬಳೆ ಕೂತರೆ ಆಯಿಲ್ ನಿಲ್ಲುವುದು ಹೇಗೆ? ಚೆನ್ನಾಗಿ ನೋಡಿ, ಆಮೇಲೆ ಬರೆಯಿರಿ ಎಂದು ಮೂವತ್ತೆರಡು ವರ್ಷ ಮಕ್ಕಳನ್ನು ಗದರಿದ ತಾನು, ಒಳಗನ್ನು ನೋಡುವ ಆತುರಕ್ಕೆ ಅಂಚನ್ನೇ ನೋಡಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಉಗುರಿನಿಂದ ಬಳೆ ಎಬ್ಬಿಸಿ, ಜಾಗ ಒರೆಸಿ, ಫಿಲ್ಟರನ್ನು ಮತ್ತೆ ಕೂರಿಸಿದರು. ಚೆಲ್ಲಿದಷ್ಟು ಆಯಿಲನ್ನು ಡಬ್ಬದಲ್ಲಿ ಉಳಿದದ್ದರಿಂದ ತುಂಬಿದರು. ಐದು ನಿಮಿಷ ಎಂಜಿನ್ ಓಡಿದರೂ ಹೊಸ ಪೇಪರಿನ ಮೇಲೆ ಒಂದು ಹನಿ ಬೀಳಲಿಲ್ಲ.

ಸಿದ್ದಲಿಂಗಮ್ಮ ರಸ್ತೆ ದಾಟಿ ಬಂದಿದ್ದಳು. ಬಳೆಯನ್ನು ಕೈಗೆ ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು, ಬೆರಳಾಡಿಸಿ ನೋಡಿದಳು.

"ಕಣ್ಣಲ್ಲೂ ಅಳೇದ ತಗುದು ಒಸದ ಇಕ್ತಾರಂತಲ್ಲ ಟೀಚರಮ್ಮ. ಅವ್ರು ನೋಡ್ಕಂಡು ತಗೀತಾರಾ?"

ಇಷ್ಟು ದಿನ ಅವಳನ್ನು ತಿಂದಿದ್ದು ಇದೇ ಪ್ರಶ್ನೆ ಎಂದು ಸರೋಜರಿಗೆ ಆಗ ಹೊಳೆಯಿತು. ಎಲ್ಲ ಸರಿಯಾಗುತ್ತೆ ಎಂದು ತಾವು ಸಾರಿ ಸಾರಿ ಹೇಳಿದ್ದರೇ ಹೊರತು, ಭಯ ಏನೆಂದು ಒಂದು ದಿನವೂ ಕೇಳಿರಲಿಲ್ಲ.

"ಡಾಕ್ಟರನ್ನ ನಿಮ್ಮ ಎದುರಿಗೇ ಕೇಳ್ತೀನಿ," ಅಂದರು. "ಹೇಗೆ ತೆಗೀತಾರೆ, ಪೂರ್ತಿ ಬಂತು ಅಂತ ಹೇಗೆ ಗೊತ್ತಾಗತ್ತೆ, ಎಲ್ಲಾನೂ. ನಿಮಗೆ ಒಪ್ಪಿಗೆ ಆಗೋವರೆಗೂ ಒಳಗೆ ಕಳಿಸಲ್ಲ."

ಸಿದ್ದಲಿಂಗಮ್ಮ ಬಳೆಯನ್ನು ವಾಪಸ್ ಕೊಡಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ನಾಳೀಕೆ ಆರಕ್ಕೆ ಅಂದಿದ್ರಲ್ಲ, ಐದೂವರೆಗೇ ಬತ್ತೀನಿ ಬುಡಿ," ಅಂದು ಹಾಲು ಕರೆಯಲು ಹೋದಳು.